ಒಳಗೆ ಯಾರಾದ್ರೂ ಇದ್ದಾರಾ?

ನನ್ನ ಕೆಲಸ ನಲ್ಲಿ ತಿರುಗಿಸುವುದು. ಬಚ್ಚಲುಮನೆ ಸಾಮಾನಿನ ಅಂಗಡಿ. ಗೋಡೆ ತುಂಬ ಹೊಳೆಯುವ ನಲ್ಲಿಗಳು. ಗಿರಾಕಿ ಬಂದರೆ ತಿರುಗಿಸಿ ತೋರಿಸುತ್ತೇನೆ. ಒಂದರಲ್ಲೂ ನೀರು ಬರುವುದಿಲ್ಲ. ಬಂದ ಹಾಗೆ ಮುಖ ಮಾಡುವುದಕ್ಕೇ ನನಗೆ ಸಂಬಳ. ಇಂಥವನು ಮನೆಗೆ ಬಂದು, ಕಂಪ್ಯೂಟರ್ ಆಟದೊಳಗೆ ಕೂತು ಒಂದು ಊರನ್ನೇ ಕಟ್ಟುತ್ತಾನೆ ಅಂದರೆ ನಗು ಬರಬಹುದು. ನಗಿ. ನಮ್ಮ ಮನೆಯಲ್ಲಿ ಆಗಲೇ ನಕ್ಕು ಮುಗಿಸಿದ್ದಾರೆ.

ಆದರೆ ಇದು ಅಪ್ಪನ ಕಥೆ.

ಅಪ್ಪನ ಕೆಲಸ ಕಟ್ಟಡ ಕೆಡವುವುದು. ಎಲ್ಲರೂ ಅವನನ್ನು ‘ಸುತ್ತಿಗೆ’ ಅಂತಲೇ ಕರೆಯುತ್ತಿದ್ದರು. ಕೆಲಸಕ್ಕೆ ಅವನದೇ ಒಂದು ಕ್ರಮವಿತ್ತು. ಮೊದಲು ಮನೆಯ ಸುತ್ತ ಒಂದು ಸುತ್ತು. ಪಕ್ಕದ ಗೋಡೆ ಯಾರದು, ಕರೆಂಟ್ ತೆಗೆಸಿದೀರಾ, ನೀರಿನ ಪೈಪು ಎಲ್ಲಿದೆ ಅಂತ ವಿಚಾರಣೆ. ಆಮೇಲೆ ಹೊಸ್ತಿಲಾಚೆ ನಿಂತು, “ಒಳಗೆ ಯಾರಾದ್ರೂ ಇದ್ದೀರಾ?” ಎಂದು ಕೂಗುತ್ತಿದ್ದ. ಉತ್ತರ ಬರದಿದ್ದರೆ ಶುರು. ಮಾರಲು ಬರುವ ಬಾಗಿಲು, ಕಿಟಕಿ ಮೊದಲು. ಆಮೇಲೆ ಹೆಂಚಿನ ಮಾಡು, ತೊಲೆ. ಕೊನೆಗೆ ಗೋಡೆ, ಮೇಲಿನಿಂದ ಕೆಳಕ್ಕೆ.

ಹುಟ್ಟಿ ಬೆಳೆದ ಮನೆ ಬೀಳುವುದನ್ನು ನೋಡಲು ಬಂದವರು ಕಣ್ಣೊರೆಸಿಕೊಂಡರೆ, “ಅಳೋರು ಸ್ವಲ್ಪ ಆಚೆ ನಿಂತು ಅಳಿ. ಧೂಳು ಬಿದ್ರೆ ಯಾತಕ್ಕೆ ಅಳ್ತಿದೀರ ಅಂತ ನಿಮಗೇ ಗೊತ್ತಾಗಲ್ಲ” ಅನ್ನುತ್ತಿದ್ದ. ಒಮ್ಮೆ ಒಬ್ಬಾಕೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಅಪ್ಪ ಚೌಕಟ್ಟನ್ನೇ ಗೋಡೆಯಿಂದ ಕಳಚಿ, “ತಗೊಳಮ್ಮ, ಎಲ್ಲಿ ಬೇಕಾದ್ರೂ ಹಿಡ್ಕೊಂಡು ನಿಂತ್ಕೋ” ಅಂದನಂತೆ. ಇದನ್ನು ಅವನು ಊಟದ ಹೊತ್ತಿಗೆ, ನಮ್ಮನ್ನು ನಗಿಸಲು ಹೇಳುತ್ತಿದ್ದ. ನಾವು ನಗುತ್ತಿದ್ದೆವು ಕೂಡ.

ಒರಗಿದ ಗೋಡೆ, ಹುಳ ತಿಂದ ತೊಲೆ, ಯಾವುದರ ಮೇಲೆ ನಡೆದರೂ ಅವನಿಗೆ ಒಂದು ಗೀರೂ ಬಿದ್ದಿರಲಿಲ್ಲ. ಕಡೆಗೆ ಬಿದ್ದದ್ದು ನಮ್ಮ ಅಂಗಡಿಯ ಹೊಚ್ಚ ಹೊಸ ಟೈಲ್ಸ್ ಮೇಲೆ. ನಾನು ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ಬಂದಿದ್ದ. ಸೊಂಟ ಮುರಿಯಿತು. ಡಬ್ಬಿಗೆ ಏನೂ ಆಗಲಿಲ್ಲ.

ಅಂದಿನಿಂದ ಕಿಟಕಿ ಪಕ್ಕದ ಕುರ್ಚಿಯೇ ಅವನ ಲೋಕ. ಕೈಗೆ ಸುತ್ತಿಗೆ ಇಲ್ಲದ್ದಕ್ಕೆ ನಾಲಗೆಯಲ್ಲಿ ಕೆಲಸ ಮುಂದುವರಿಸಿದ. ನನ್ನ ಕೂದಲು, ನನ್ನ ಅಂಗಿ, ನನ್ನ ನಡಿಗೆ, ಒಂದೂ ಉಳಿಯಲಿಲ್ಲ. ಬಂದ ನೆಂಟರಿಗೆ, “ಮಗ ಏನು ಮಾಡ್ತಾನೆ ಅಂದ್ರಾ? ಬರದೇ ಇರೋ ನೀರು ಮಾರ್ತಾನೆ” ಎಂದು ಪರಿಚಯ ಮಾಡಿಕೊಡುತ್ತಿದ್ದ.

ನನಗೆ ಅವನ ಬಾಯಿಂದ ಬೇಕಾಗಿದ್ದದ್ದು ಒಂದೇ ಮಾತು: ಚೆನ್ನಾಗಿದೆ. ಶಾಲೆಯಲ್ಲಿ ಬಿಡಿಸಿದ ಚಿತ್ರಕ್ಕೂ ಅಂದಿರಲಿಲ್ಲ, ಮೊದಲ ಸಂಬಳಕ್ಕೂ ಅಂದಿರಲಿಲ್ಲ. ಈ ಊರಿಗಾದರೂ ಅನ್ನುತ್ತಾನೆ ಎಂದುಕೊಂಡೆ.

ಊರು ಮಧ್ಯಯುಗದ ಕಾಲದ್ದು. ಚೌಕ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ಕಟ್ಟುವ ಆಟ ಅದು. ಕಡಲ ದಂಡೆಗೆ ಕಲ್ಲಿನ ಕಟ್ಟೆ, ದೋಣಿ ರಿಪೇರಿಯ ಕೊಟ್ಟಿಗೆ, ಉಪ್ಪಿನ ಉಗ್ರಾಣ, ದೀಪಸ್ತಂಭ. ಮೇಲೆ ದಿಣ್ಣೆಯಲ್ಲಿ ಕಡಿದಾದ ಮಾಡಿನ ಮನೆಗಳು, ಇಬ್ಬರು ಎದುರಾದರೆ ಒಬ್ಬ ಗೋಡೆಗೆ ಅಂಟಬೇಕಾದಂಥ ಓಣಿಗಳು. ಇಂಥ ಕಟ್ಟಡ ಹೊಸದಾಗಿ ಕಂಡರೆ ಕೆಟ್ಟಿತು. ಅದಕ್ಕೇ ನಡುನಡುವೆ ಬಿರುಕು ಬಿಟ್ಟ ಕಲ್ಲು, ಪಾಚಿ ಹಿಡಿದ ಕಲ್ಲು ಸೇರಿಸಿ, ಮಾಡನ್ನು ಒಂದು ಕಡೆ ಕುಗ್ಗಿಸಿ, ತಿಂಗಳುಗಟ್ಟಲೆ ಕೂತು ಊರಿಗೆ ವಯಸ್ಸು ಮಾಡಿಸಿದ್ದೆ.

ಒಂದು ಭಾನುವಾರ ಅಪ್ಪನ ಕುರ್ಚಿಯನ್ನು ಎಳೆದು ಕಂಪ್ಯೂಟರ್ ಮುಂದೆ ತಂದೆ.

“ಏನೋ ಇದು?”

“ಹಳೇ ಕಾಲದ ಊರಪ್ಪ. ನಾನೇ ಕಟ್ಟಿದ್ದು.”

“ಹೊಸದಾಗಿ ಕಟ್ಟಿ ಹಳೇದು ಮಾಡಿದೀಯಾ? ತಲೆ ನೆಟ್ಟಗಿದೆಯೇನೋ?”

ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದ ತಂಗಿ, “ಅವನ ಮುಖಾನೂ ಹಾಗೇ ಮಾಡ್ಕೊಂಡಿದಾನಲ್ಲಪ್ಪ” ಅಂದಳು.

ನಡೆಯುವುದು ಹೇಗೆ, ತಿರುಗುವುದು ಹೇಗೆ ಎಂದು ಅಪ್ಪನಿಗೆ ತೋರಿಸಿದೆ. ದಾರಿಗೆ ಬಳ್ಳಿ ಅಡ್ಡ ಬಂದರೆ ಕತ್ತರಿಸಿಕೊಳ್ಳಲಿ ಅಂತ ಆಟದೊಳಗಿನ ಪಿಕಾಸಿಯನ್ನೂ ಕೊಟ್ಟೆ. ಹೌದು, ನಾನೇ ಕೊಟ್ಟೆ. ಅವನು ಓಣಿ ಓಣಿ ಸುತ್ತಿದ. ಸುತ್ತುತ್ತಾ ಪ್ರಶ್ನೆ ಕೇಳತೊಡಗಿದ. ನನ್ನ ಬದುಕಿನಲ್ಲಿ ಅವನು ಯಾವುದರ ಬಗ್ಗೆಯೂ ಅಷ್ಟು ಕೇಳಿದವನಲ್ಲ.

“ಈ ಪಕ್ಕದ ಗೋಡೆ ಯಾರದು?”

“ಅದೂ ನನ್ನದೇ ಅಪ್ಪ!”

“ಕರೆಂಟು?”

“ಆ ಕಾಲದಲ್ಲಿ ಎಲ್ಲಿಯ ಕರೆಂಟು? ಬರೀ ಪಂಜು.”

“ನೀರಿನ ಪೈಪು?”

“ಇಲ್ಲ. ಬಾವಿ.”

ದೊಡ್ಡ ಮನೆಯ ಬಾಗಿಲಲ್ಲಿ ನಿಂತು, “ಒಳಗೆ ಯಾರಾದ್ರೂ ಇದ್ದಾರಾ?” ಅಂದ.

“ಯಾರೂ ಇಲ್ಲಪ್ಪ. ಎಲ್ಲಾ ಖಾಲಿ.”

“ಹೂಂ” ಅಂದ.

ಆ ‘ಹೂಂ’ ಕೇಳಿ ಎದೆ ಉಬ್ಬಿಸಿಕೊಂಡ ಪ್ರಾಣಿ ನಾನು. ಬಾಲ್ಯವಿಡೀ ಕೇಳಿದ ಪ್ರಶ್ನೆಗಳವು, ಅದೇ ಸಾಲಿನಲ್ಲಿ, ಅದೇ ದನಿಯಲ್ಲಿ. ನನಗೆ ಹೊಳೆಯಲಿಲ್ಲ. ಮಾರನೇ ದಿನ ನಾನು ಅಂಗಡಿಗೆ ಹೊರಟಾಗ, “ಅದನ್ನ ಹಚ್ಚಿಟ್ಟು ಹೋಗು, ಸುತ್ತಾಡ್ತೀನಿ” ಅಂದ. ಹಚ್ಚಿಟ್ಟೇ ಹೋದೆ. ಆ ದಿನ ನಲ್ಲಿ ತಿರುಗಿಸಿದರೆ ನೀರೇ ಬರುತ್ತದೇನೋ ಅನ್ನುವಷ್ಟು ಹುರುಪು. ಅಪ್ಪನಿಗೆ ನನ್ನ ಕೆಲಸ ಹಿಡಿಸಿದೆ ಅಂತ ಪಕ್ಕದ ಕೌಂಟರಿನವನಿಗೂ ಹೇಳಿಕೊಂಡೆ.

ಸಂಜೆ ಬಂದರೆ ಬಾಗಿಲಲ್ಲೇ ತಂಗಿ. “ಅಣ್ಣ, ಮೊದಲು ಕೂತ್ಕೋ.”

ನಾನು ಕೂರಲಿಲ್ಲ. ಪರದೆಯ ಮೇಲೆ ಊರು ಇರಲಿಲ್ಲ. ದೀಪಸ್ತಂಭ ಇಲ್ಲ, ಉಗ್ರಾಣ ಇಲ್ಲ, ಓಣಿ ಇಲ್ಲ. ಸಮತಟ್ಟಾದ ದಂಡೆ, ಅದರ ಮೇಲೆ ಅಚ್ಚುಕಟ್ಟಾಗಿ ಗುಡ್ಡೆ ಹಾಕಿದ ಸಾಮಾನು: ಬಾಗಿಲುಗಳು ಒಂದು ಕಡೆ, ಗಾಜು ಒಂದು ಕಡೆ, ತೊಲೆ ಒಂದು ಕಡೆ. ಬಿರುಕು ಬಿಟ್ಟ ಕಲ್ಲುಗಳನ್ನೆಲ್ಲ ಕಡಲಿಗೆ ಎಸೆದಿದ್ದ. ಮಾರಿದರೆ ಯಾರು ಕೊಳ್ಳುತ್ತಾರೆ?

“ಕಾಪಿ ಇಟ್ಕೊಂಡಿದೀಯಾ?” ತಂಗಿ ಕೇಳಿದಳು. ಇಟ್ಟಿರಲಿಲ್ಲ. “ಅಣ್ಣ ಸಾಯ್ತಾನೆ ಬಿಡಪ್ಪ ಅಂದೆ. ‘ಒಳಗೆ ಯಾರೂ ಇಲ್ಲ ಅಂತ ಅವನೇ ಅಂದಿದಾನೆ’ ಅಂದ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.”

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ಬಿದ್ದ ಮೇಲೆ ಅವನು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಕಂಡಿರಲಿಲ್ಲ. ಮುಖಕ್ಕೆ ರಕ್ತ ಬಂದಿತ್ತು.

“ನಾನು ಕಟ್ಟಿದ್ದು ಅಂತ ಹೇಳಿದ್ನಲ್ಲಪ್ಪ!”

“ಹೇಳಿದ್ದೆ. ಕಟ್ಟಿದೋರೆಲ್ಲ ಹಾಗೇ ಹೇಳೋದು.”

“ಎಷ್ಟು ತಿಂಗಳು ಕೂತಿದ್ದೆ ಗೊತ್ತಾ?”

“ಗೊತ್ತಿಲ್ದೆ ಏನು? ನಿನ್ನ ಬೆನ್ನೇ ನೋಡ್ಕೊಂಡು ಬಿದ್ದಿದ್ನಲ್ಲ ಇಲ್ಲಿ.” ಅವನ ಕಣ್ಣು ಪರದೆ ಬಿಟ್ಟು ಅಲುಗಲಿಲ್ಲ. “ಗೋಡೆ ತುಂಬ ಬಿರುಕು, ಮಾಡು ಕುಗ್ಗಿದೆ. ಅದನ್ನ ನಿಲ್ಲಿಸಿಟ್ಟು ಏನು ಮಾಡ್ತಿದ್ದೆ, ಮದುವೆ?”

ನಾನು ಮೂಗು ಎಳೆದುಕೊಂಡೆ. ಅವನಿಗೆ ಆ ಸದ್ದಿನ ಪರಿಚಯ ಚೆನ್ನಾಗಿಯೇ ಇತ್ತು, ತಿರುಗಿಯೂ ನೋಡದೆ, “ಆಚೆ ನಿಂತು ಅಳು. ಬೆಳಕಿಗೆ ಅಡ್ಡ ಬರ್ತೀಯ” ಅಂದ.

ನಾನು ಆಚೆ ಸರಿದೆ. ಅಪ್ಪ ಬೋಳು ದಂಡೆಯನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನೋಡಿ, ಕುರ್ಚಿಗೆ ಒರಗಿದ.

“ಈಗ ನೋಡು, ಚೆನ್ನಾಗಿದೆ. ಸಮುದ್ರ ಕಾಣುತ್ತೆ.”

ಹೊಲಿಗೆ ಯಂತ್ರ ನಿಂತಿತು. “ಬಂತಲ್ಲ ಅಣ್ಣ ಮಾತು,” ತಂಗಿ ಅಂದಳು, “ತಗೋ.”

“ಯಾವ ಮಾತು?” ಅಂದ ಅಪ್ಪ. ಉತ್ತರ ಅವನಿಗೆ ಬೇಕಿರಲಿಲ್ಲ. ಬೆರಳಿನ ನಟಿಕೆ ಮುರಿಯುತ್ತಾ ಕೇಳಿದ: “ಇನ್ನೊಂದು ಊರು ಯಾವಾಗ ಮುಗಿಸ್ತೀಯ?”