ಬಾಯಿ ತುಂಬ ಗುಂಡುಸೂಜಿ

ಆ ಬೀದಿಯ ಕಟಿಂಗ್ ಮಾಸ್ಟರ್ ಬಾಯಿ ಮುಚ್ಚುತ್ತಿದ್ದುದು ಎರಡೇ ಹೊತ್ತಿನಲ್ಲಿ. ಒಂದು, ನಿದ್ದೆ ಬಂದಾಗ. ಇನ್ನೊಂದು, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಾಗ. ಉಳಿದಂತೆ ಅರಳು ಹುರಿದ ಹಾಗೆ ಮಾತು. ಗಿರಾಕಿಯ ಹೊಟ್ಟೆಯ ಸುತ್ತ ಟೇಪು ಹಿಡಿದು, "ಉಸಿರು ಬಿಡಿ ಸ್ವಾಮಿ, ನೀವು ಬಿಗಿಹಿಡಿದಿರೋ ಹೊಟ್ಟೆಗೆ ಪ್ಯಾಂಟು ಹೊಲಿದ್ರೆ ನಾಳೆ ಬೈಸ್ಕೊಳ್ಳೋನು ನಾನು" ಎನ್ನುವನು. ಹೊಟ್ಟೆಯವರೂ ನಕ್ಕುಬಿಡುವರು.

ಅವನ ಹೆಂಡತಿ ಅಂಗಡಿಯ ಹಿಂಬದಿಯಲ್ಲಿ ಕೂತು ಕಾಜಾ ಹಾಕುತ್ತಾಳೆ, ಗುಂಡಿ ಹೊಲಿಯುತ್ತಾಳೆ. ಬೀದಿಗೆಲ್ಲ ಅವಳು ಕಾಜಾ ಅಕ್ಕ. ಅವಳಿಗೆ ಮಾತು ಕಡಿಮೆ, ಕಣ್ಣು ಮಾತ್ರ ಬಲು ಚುರುಕು. ಆ ಕಣ್ಣೂ ಆರು ತಿಂಗಳು ಮೋಸ ಹೋಯಿತಲ್ಲ, ಅದನ್ನು ನೆನೆದರೆ ಅವಳಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಎರಡು ವರ್ಷದ ಹಿಂದೆ ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಏಣಿ ಜಾರಿ ಮಾಸ್ಟರ್ ಸೊಂಟ ಮುರಿದುಕೊಂಡ. ನೋವಿಗೆ ಮಾತ್ರೆ ಕೊಟ್ಟರು. ಸೊಂಟ ಕೂಡಿತು, ಮಾತ್ರೆ ಬಿಡಲಿಲ್ಲ. ಅದು ಅಫೀಮಿನ ಕುಲದ್ದು ಎಂದು ತಿಳಿಯುವ ಹೊತ್ತಿಗೆ ಮನುಷ್ಯ ಅದಿಲ್ಲದೆ ಬೆವರುತ್ತಿದ್ದ, ನಡುಗುತ್ತಿದ್ದ, ವಾಂತಿ ಮಾಡಿಕೊಳ್ಳುತ್ತಿದ್ದ. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಅದನ್ನು ಬಿಡಿಸಲೆಂದು ಅದೇ ಕುಲದ, ಆದರೆ ಹದವಾದ ಬೇರೊಂದು ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಒಂದು, ನಾಲಿಗೆಯ ಕೆಳಗೆ. ಕರಗುವವರೆಗೆ, ಅಂದರೆ ಹತ್ತು ನಿಮಿಷ, ಮಾತಾಡುವ ಹಾಗಿಲ್ಲ.

ಮಾತ್ರೆಯ ಪಟ್ಟಿಯನ್ನು ಅಕ್ಕ ತನ್ನ ಗುಂಡಿ ಡಬ್ಬಿಯಲ್ಲಿಟ್ಟು ಬೀಗ ಹಾಕಿದಳು. ದಿನಾ ಬೆಳಿಗ್ಗೆ ಕೈಯಾರೆ ಒಂದು ಕೊಡುವಳು. ಅವನು ಬಾಯಿ ಮುಚ್ಚಿ ಕೂತ ಆ ಹತ್ತು ನಿಮಿಷದಲ್ಲಿ, ಮದುವೆಯಾದಾಗಿನಿಂದ ಹೇಳಲಾಗದೆ ಉಳಿದಿದ್ದನ್ನೆಲ್ಲ ಹೇಳಿಬಿಡುವಳು. ಅತ್ತೆಯ ಕೊಂಕು, ಸೋರುವ ನಲ್ಲಿ, ಅವನ ಗೊರಕೆ, ಎಲ್ಲ. ಅವನು ಕಣ್ಣಲ್ಲೇ ನಗುವನು. "ಈ ಡಾಕ್ಟರಮ್ಮನ ಹೊಟ್ಟೆ ತಣ್ಣಗಿರಲಿ" ಎಂದು ಅವಳು ಹರಸಿದ್ದು ಸುಳ್ಳಲ್ಲ. ಗಂಡ ಮರಳಿ ಸಿಕ್ಕಿದ್ದ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ ಅಂತಾರಲ್ಲ, ಹಾಗಾಯಿತು ಆಮೇಲಿನ ಕಥೆ.

ಮೊದಲು ಕಂಡದ್ದು ಸೂಜಿ. ಪ್ಯಾಂಟಿನ ಬಟ್ಟೆಗೆ ಗೆರೆ ಎಳೆಯಲು ಸೀಮೆಸುಣ್ಣ ಸಾಕು, ಸ್ಕೇಲು ಸಾಕು. ಗುಂಡುಸೂಜಿ ಬೇಕಾಗುವುದು ಟ್ರಯಲ್ ನೋಡುವಾಗ. ಇವನು ಬರೀ ಗೆರೆ ಎಳೆಯುವಾಗಲೂ ಸೂಜಿ ಕಚ್ಚಿಕೊಂಡಿದ್ದ. ಗಿರಾಕಿ ಏನಾದರೂ ಕೇಳಿದರೆ "ಹ್ಞೂಂ" ಅಷ್ಟೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೊಮ್ಮೆ, ಊಟವಾದ ಮೇಲೊಮ್ಮೆ, ಅಂಗಡಿ ಮುಚ್ಚುವ ಮುಂಚೆ ಮತ್ತೊಮ್ಮೆ. ಮಾತಿನ ಮಲ್ಲ ಮೌನವಾದ, ಕೆಲಸದ ಮೇಲೆ ಮನಸ್ಸು ಬಂದಿದೆ ಪಾಪ, ಎಂದುಕೊಂಡಳು ಹುಚ್ಚಿ.

ಆಮೇಲೆ ತೋಳು. ಮದುವೆ ಗಂಡಿನ ಕೋಟಿಗೆ ತೋಳು ಕತ್ತರಿಸಿ ಕೊಟ್ಟಿದ್ದ. ಅಕ್ಕ ಜೋಡಿಸಲು ಹೋದರೆ ಎರಡೂ ಎಡಗೈ! ಬಟ್ಟೆಯನ್ನು ಮಗುಚಿ ಹಾಸದೆ ಒಂದೇ ಮುಖಕ್ಕೆ ಎರಡು ಸಲ ಕತ್ತರಿಸಿದರೆ ಹಾಗಾಗುತ್ತದೆ. ಕೆಲಸಕ್ಕೆ ಸೇರಿ ಮೂರು ದಿನವಾದವರು ಮಾಡುವ ತಪ್ಪು, ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವನದಲ್ಲ.

"ರೀ, ಈ ಹುಡುಗನಿಗೆ ಬಲಗೈನೇ ಇಲ್ವಾ?"

"ಮದುವೆ ಆದ್ಮೇಲೆ ಹೆಂಡ್ತೀನೇ ಬಲಗೈ ಅಲ್ವೇನೇ," ಎಂದು ನಕ್ಕ. ನಗು ತುಟಿಯಲ್ಲಿತ್ತು. ಕಣ್ಣು ಅರ್ಧ ಮುಚ್ಚಿತ್ತು, ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಆ ಕಣ್ಣನ್ನು ಅವಳು ಮೊದಲೂ ನೋಡಿದ್ದಳು, ಹಳೆಯ ಮಾತ್ರೆಯ ಕಾಲದಲ್ಲಿ. ಡಬ್ಬಿ ತೆಗೆದು ನೋಡಿದಳು. ಮಾತ್ರೆ ಲೆಕ್ಕಕ್ಕೆ ಸರಿಯಾಗಿತ್ತು. ಹಾಗಾದರೆ ಎಲ್ಲಿಂದ?

ಮರುದಿನ ಮಧ್ಯಾಹ್ನ ಮಗಳು ಶಾಲೆಯಿಂದ ಬಂದು, ಎಂದಿನಂತೆ ಕತ್ತರಿಸುವ ಮೇಜಿನ ಅಡಿಯಲ್ಲಿ ಚಿಂದಿ ಬಟ್ಟೆ ಹರಡಿಕೊಂಡು ಕೂತಿದ್ದಳು. ಐದು ವರ್ಷದ ಕೂಸು, ಅಪ್ಪನ ಪ್ರತಿಬಿಂಬ, ಬಾಯಿ ನಿಲ್ಲದು. ಮೇಲೆ ಅಪ್ಪ ಸೂಜಿ ಕಚ್ಚಿಕೊಂಡು, ಕತ್ತರಿ ಹಿಡಿದುಕೊಂಡೇ ತೂಕಡಿಸುತ್ತಿದ್ದ. ತಲೆ ವಾಲಿತು. ತುಟಿಯಲ್ಲಿ ಏಳು ಸೂಜಿ. ಒಂದು ಗಂಟಲಿಗೆ ಜಾರಿದರೆ ಮುಗಿಯಿತು ಕಥೆ.

ಅಕ್ಕ ಹೊಲಿಗೆ ಬಿಸಾಡಿ ಓಡಿ ಬಂದು ಅಂಗೈ ಒಡ್ಡಿದಳು. "ಉಗೀರಿ!"

ಬೆಚ್ಚಿ ಉಗಿದ. ಏಳು ಸೂಜಿ. ಅವುಗಳ ಜೊತೆ ಅರ್ಧ ಕರಗಿದ ಮಾತ್ರೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಇಬ್ಬರೂ ಅದನ್ನೇ ನೋಡಿದರು.

"ಇದು ಮದ್ದು ಕಣೇ. ಚಟ ಅಲ್ಲ. ಡಾಕ್ಟರಮ್ಮನೇ ಬರೆದುಕೊಟ್ಟಿದ್ದಲ್ವಾ?"

"ಬರೆದುಕೊಟ್ಟಿದ್ದು ಒಂದು. ಅದನ್ನ ಬೆಳಿಗ್ಗೇನೇ ಕೊಟ್ಟಿದ್ದೀನಿ. ಇದು ಎಷ್ಟನೇದು?"

ಕಣ್ಣಳತೆಯಲ್ಲೇ ಕಾಲಿಂಚು ಹೇಳುವವನು ಕತ್ತಿನ ಟೇಪು ನೋಡತೊಡಗಿದ. ಅವಳಿಗೆ ಅಳುವೂ ಬಂತು, ಕೋಪವೂ ಬಂತು.

"ಎಲ್ಲಿಂದ ತಂದ್ರಿ? ಎಲ್ಲಿ ಬಚ್ಚಿಟ್ಟಿದ್ದೀರ? ಮಾತಾಡಿ, ಇಡೀ ಬೀದಿಗೆ ಮಾತಾಡೋರು ನನ್ನ ಹತ್ರ ಮೂಗರಾಗ್ಬಿಟ್ರಾ?"

ಅವನು ಮಾತಾಡಲಿಲ್ಲ. ಆ ನಿಶ್ಶಬ್ದದಲ್ಲಿ ಅವಳಿಗೆ ಇನ್ನೊಂದು ನಿಶ್ಶಬ್ದ ಕೇಳಿಸಿತು. ಮೇಜಿನ ಕೆಳಗೆ ಆಗಿನಿಂದ ಸದ್ದೇ ಇರಲಿಲ್ಲ.

"ಪುಟ್ಟಿ?"

"ಹ್ಞೂಂ."

ಬಗ್ಗಿ ನೋಡಿದಳು. ಮಗು ಕೊರಳಿಗೆ ಚಿಂದಿಯ ಟೇಪು ಹಾಕಿಕೊಂಡು, ತುಟಿ ಬಿಗಿದು, ಅಪ್ಪನ ಹಾಗೇ ಗಂಭೀರವಾಗಿ ಕೂತಿತ್ತು. ಮುಂದೆ ಅಪ್ಪನ ಸೀಮೆಸುಣ್ಣದ ಡಬ್ಬಿ ತೆರೆದು ಬಿದ್ದಿತ್ತು. ಬಿಳಿ ಸುಣ್ಣದ ಚೂರುಗಳ ನಡುವೆ ಬಿಳಿ ಮಾತ್ರೆಗಳು.

"ಬಾಯಿ ತೆಗಿ! ತೆಗಿ ಅಂದ್ನಲ್ಲ!"

ಮಗು ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸಿತು, ಕಲಿತ ಪಾಠ ಒಪ್ಪಿಸುವ ಹಾಗೆ. ನಾಲಿಗೆಯಡಿ ಬೆಳ್ಳನೆಯ ಚೂರೊಂದು ಕರಗುತ್ತಿತ್ತು. ಮಾಸ್ಟರ್ ಮೇಜನ್ನೇ ತಳ್ಳಿ ಬಂದು ಬೆರಳು ಹಾಕಿ ಅದನ್ನು ತೆಗೆದ. ಅಕ್ಕ ಸೆರಗಿನಿಂದ ಮಗುವಿನ ಬಾಯಿ ಒರೆಸಿ ಒರೆಸಿ ಕೇಳಿದಳು, "ಅದು ಸುಣ್ಣಾನೋ ಮಾತ್ರೇನೋ? ಹೇಳ್ರೀ!"

ಅವನು ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿದ. ಮಾತ್ರೆ.

ಆಗ ಉಗಿಯಬೇಕಿತ್ತು. ಉಗಿಯಲಿಲ್ಲ. ಅಕ್ಕ ನೋಡುತ್ತಿದ್ದಂತೆಯೇ ಅವನ ನಾಲಿಗೆ ಮೇಲೆದ್ದಿತು, ಚೂರು ಕೆಳಗೆ ಸರಿಯಿತು, ತುಟಿ ಮುಚ್ಚಿತು. ಮಗಳ ಬಾಯಿಂದ ತೆಗೆದದ್ದು! ತಾನೇನು ಮಾಡಿದೆನೆಂದು ಒಂದು ಕ್ಷಣ ಅವನಿಗೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಅವನು ಹೆಂಡತಿಯ ಮುಖ ನೋಡಿದ ರೀತಿಯನ್ನು ಅವಳು ಯಾರ ಮುಂದೆಯೂ ಹೇಳಿಲ್ಲ.

ಅವಳು ಬೈಯಲಿಲ್ಲ. ಮಗುವನ್ನು ಎತ್ತಿಕೊಂಡು ಓಡಿದಳು. ಆಟೋದಲ್ಲಿ ಮಗು ತೂಕಡಿಸತೊಡಗಿತು. "ನಿದ್ದೆ ಮಾಡ್ಬೇಡ ಕಂದ, ಮಾತಾಡು, ಏನಾದ್ರೂ ಮಾತಾಡು" ಎಂದು ದಾರಿಯುದ್ದಕ್ಕೂ ಅಲುಗಿಸಿದಳು. ಪಕ್ಕದಲ್ಲಿ ಅವನು ಸುಣ್ಣದ ಡಬ್ಬಿಯನ್ನು ಎದೆಗವಚಿಕೊಂಡು ಕೂತಿದ್ದ.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಬೆರಳಿಗೆ ಯಂತ್ರ ಸಿಕ್ಕಿಸಿ, ಸೂಜಿಮದ್ದು ಕೊಟ್ಟು, ನಾಳೆಯವರೆಗೆ ಉಸಿರಿನ ಮೇಲೆ ಕಣ್ಣಿಡಬೇಕು ಎಂದರು. ಆಮೇಲೆ ಅವನತ್ತ ತಿರುಗಿದರು. "ದಿನಕ್ಕೆ ಎಷ್ಟು ತಗೊಳ್ತಿದ್ರಿ?"

"ಆರು," ಎಂದ. "ಪಕ್ಕದ ಬಡಾವಣೆಯ ಔಷಧಿ ಅಂಗಡೀಲಿ ಚೀಟಿ ಇಲ್ದೆ ಕೊಡ್ತಾರೆ. ಸಂಜೆಯಾದ್ರೆ ನಿದ್ದೆ ಮಾತ್ರೇನೂ ಜೊತೆಗೆ." ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟ. "ಇದು ಮದ್ದು ಅಂದ್ಕೊಂಡಿದ್ದೆ."

"ಮದ್ದೇ. ದಿನಾ ಒಂದು ಬೇಕಾಗೋದು ಚಟ ಅಲ್ಲ. ಬಚ್ಚಿಟ್ಟು ಆರು ಬೇಕಾಗೋದು ಚಟ. ನಾಳೆ ಬೆಳಿಗ್ಗೆ ನನ್ನನ್ನ ಬಂದು ನೋಡಿ, ಒಟ್ಟಿಗೇ ನಿಲ್ಲಿಸೋಕೆ ಹೋಗ್ಬೇಡಿ," ಎಂದು ಅವರು ಹೋದರು.

ಅಕ್ಕ ಮಂಚದ ಪಕ್ಕ ಕೂತು ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಅವನು ಬಂದು ಅವಳ ಮುಂದೆ ನೆಲದ ಮೇಲೆ ಕೂತ. ಯಾರೂ ಕೇಳದೆಯೇ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದ.

ಅವಳು ನೋಡಿದಳು. ಏನೂ ಇರಲಿಲ್ಲ. ಆದರೂ ಬೆರಳು ಹಾಕಿ ನೋಡಿದಳು.