ಮೂರನೇ ತಿರುವು ದಾಟಿಸುವ ಹಸನಬ್ಬ

ಬೆಳಗಿನ ಐದೂವರೆ. ಕೊಲ್ಲಮೊಗ್ರುವಿನ ಕಾಡಂಚಿನಲ್ಲಿ ಏರುವ ರಸ್ತೆಯ ಮೂರನೇ ತಿರುವಿನಲ್ಲಿ ಒಂದು ಕಾರು ಆಫಾಗಿ ನಿಂತಿದೆ. ಬಾನೆಟ್ಟಿನ ಮೇಲೆ ಮಂಜು ಕೂತಿದೆ. ಕೆಳಗಿನ ತಿರುವಿನವರೆಗೂ ಕಿರುಗುಟ್ಟುತ್ತಿದ್ದ ಜೀರುಂಡೆಗಳು ಇಲ್ಲಿ ಯಾಕೋ ಸುಮ್ಮನಿವೆ. ಕಾರಿನಡಿಯಿಂದ ತೆವಳಿ ಬಂದ ಹಸನಬ್ಬ, ಟ್ಯಾಂಕಿನಿಂದ ಇಳಿಸಿದ ಪೆಟ್ರೋಲಿನ ಗಾಜಿನ ಬಾಟಲಿಯನ್ನು ಟಾರ್ಚಿನ ಬೆಳಕಿಗೆ ಹಿಡಿಯುತ್ತಾರೆ. ಸ್ವಲ್ಪ ಹೊತ್ತಿಗೆ ಅದರೊಳಗೆ ಒಂದು ಗೆರೆ ಮೂಡುತ್ತದೆ.

"ಮೇಲಿನದು ಪೆಟ್ರೋಲು. ಅಡಿಯಲ್ಲಿರುದು ನೀರು ಕುಡಿದ ಎಥನಾಲು," ಎಂದು ಕಾರಿನವರಿಗೆ ತೋರಿಸುತ್ತಾರೆ.

ಐವತ್ತೆಂಟರ ಹಸನಬ್ಬ ಮೂವತ್ತೆರಡು ವರ್ಷಗಳಿಂದ ಈ ಏರಿನ ಬುಡದಲ್ಲಿ ತಗಡಿನ ಗ್ಯಾರೇಜು ನಡೆಸುತ್ತಿದ್ದಾರೆ. ಎಥನಾಲ್ ಬೆರೆತ ಪೆಟ್ರೋಲು ಬಂದ ಮೇಲೆ ಹಳೆಯ ಗಾಡಿಗಳ ಮೈಲೇಜು ಇಳಿಯಿತು, ರಬ್ಬರ್ ಪೈಪುಗಳು ಉಬ್ಬಿದವು. ಅದು ದೊಡ್ಡ ತಲೆನೋವಲ್ಲ. ಮಳೆಗೆ ನಿಂತ ಗಾಡಿಯ ಟ್ಯಾಂಕಿನ ಮುಚ್ಚಳ ಸಡಿಲಿದ್ದರೆ ಎಥನಾಲ್ ನೀರು ಎಳೆದುಕೊಂಡು ಅಡಿಗಿಳಿಯುತ್ತದೆ. ಏರಿನಲ್ಲಿ ಟ್ಯಾಂಕು ವಾಲಿದಾಗ ಪಂಪಿನ ಬಾಯಿಗೆ ಅದೇ ಸಿಗುತ್ತದೆ. ಈ ಮಳೆಗಾಲದಲ್ಲಿ ಹೀಗೆ ನಿಂತವು ಹದಿನಾಲ್ಕು. ಹನ್ನೊಂದು ಈ ಒಂದೇ ತಿರುವಿನಲ್ಲಿ.

"ನಿಲ್ಲುವ ಮೊದಲು ಹಿಂದಿನ ಸೀಟಿಗೆ ಯಾರೋ ಹತ್ತಿದ ಹಾಗೆ ಭಾರ ಆಗ್ತದೆ ಹಸನಾಕ," ಎಂದು ಬಾಡಿಗೆ ವ್ಯಾನಿನ ಅಚ್ಚುತ ಅಂದದ್ದು ಊರಿಡೀ ಹಬ್ಬಿತು. ಬೆಳಕು ಹರಿಯದೆ ಆ ದಾರಿ ಹಿಡಿಯಲು ಯಾವ ಬಾಡಿಗೆಯವನೂ ಒಪ್ಪಲಿಲ್ಲ. ಸಿಕ್ಕಿಬಿದ್ದವರು ಅದೇ ಊರಿನ ನೀಲಾವತಿ. ವಾರಕ್ಕೆ ಮೂರು ಸಲ ಬೆಳಿಗ್ಗೆ ಏಳಕ್ಕೆ ಸುಳ್ಯದಲ್ಲಿ ಅವರಿಗೆ ಡಯಾಲಿಸಿಸ್; ಒಂದು ತಪ್ಪಿದರೆ ಮೈಯೆಲ್ಲ ಬಾತು ಉಸಿರು ಕಟ್ಟುತ್ತದೆ.

ಹಸನಬ್ಬ ಆವರೆಗಿನ ಏಳು ಬಾಟಲಿಗಳನ್ನೂ ಬೆಂಚಿನ ಮೇಲಿಟ್ಟು ಗೆರೆ ತೋರಿಸಿದರು. "ಯಾರೂ ಹತ್ತಿದ್ದಲ್ಲ ಮಾರಾಯ. ಇಂಜಿನಿಗೆ ಎಳೆಯುವ ಪುಲ್ಲಿಂಗ್ ಹೋದದ್ದು, ಅದಕ್ಕೇ ಭಾರ ಆದ ಹಾಗೆ." ಅಚ್ಚುತ ನಂಬಿದ. ವ್ಯಾನು ಮತ್ತೆ ಹೊರಟಿತು.

ಕಳೆದ ತಿಂಗಳು ಅದೇ ವ್ಯಾನು, ಒಳಗೆ ನೀಲಾವತಿ ಇರುವಾಗಲೇ, ಅಲ್ಲೇ ನಿಂತಿತು. ಹಸನಬ್ಬ ಓಡಿ ಬಂದು ಪೆಟ್ರೋಲು ಇಳಿಸಿದರು. ಮುಕ್ಕಾಲು ಗಂಟೆ ಕಾದರೂ ಗೆರೆ ಮೂಡಲಿಲ್ಲ. ಪಂಪು, ಪ್ಲಗ್ಗು, ವಯರು ಎಲ್ಲ ಸರಿ ಇತ್ತು. ಮತ್ತೆ ಕೀ ತಿರುಗಿಸಿದಾಗ, ಏನೂ ಆಗದ ಹಾಗೆ ವ್ಯಾನು ಸ್ಟಾರ್ಟಾಯಿತು.

ಸಂಜೆ ಅಚ್ಚುತ ಗ್ಯಾರೇಜಿಗೆ ಬಂದ. "ಆಮೇಲಾದ್ರೂ ಗೆರೆ ಬಂತಾ?"

ಬಂತು ಅಂದಿದ್ದರೆ ಸಾಕಿತ್ತು.

"ಇಲ್ಲ. ಇದು ಎಂತದಂತ ನನಗೆ ಗೊತ್ತಾಗ್ಲಿಲ್ಲ."

"ಹಾಗಾದ್ರೆ ನಾನಿನ್ನು ಆ ದಾರಿಗಿಲ್ಲ."

"ನಾನು ಕೂತ್ರೆ ಬರ್ತೀಯಾ? ಹಿಂದಿನ ಸೀಟಲ್ಲಿ. ಖಾಲಿ ಇದ್ರೆ ತಾನೆ ಬೇರೆಯವರು ಹತ್ತುದು?"

ಅಂದಿನಿಂದ ವಾರಕ್ಕೆ ಮೂರು ಬೆಳಗು ಹಸನಬ್ಬ ಆ ಸೀಟಿನಲ್ಲಿರುತ್ತಾರೆ. "ಇವರ ಗ್ರೀಸೆಲ್ಲ ನನ್ನ ಸೀರೆಗೆ," ಎಂದು ಗೊಣಗುತ್ತಲೇ ನೀಲಾವತಿ ಸರಿದು ಜಾಗ ಬಿಡುತ್ತಾರೆ. ಇದುವರೆಗೆ ಒಂದು ಡಯಾಲಿಸಿಸ್ಸೂ ತಪ್ಪಿಲ್ಲ. ತಿರುವು ದಾಟಿದ ಮೇಲೆ ಹಸನಬ್ಬ ಇಳಿದು, ಅದೇ ತಿರುವಿನ ಮೂಲಕ ಎರಡು ಕಿಲೋಮೀಟರ್ ಒಬ್ಬರೇ ನಡೆದು ಬರಬೇಕು.

ಹೆದರಿಕೆ ಇಲ್ಲವೇ ಎಂದರೆ ಅವರು ಕೈ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಇಲ್ಲದೆ ಎಂತ? ಅಲ್ಲಿ ನಾನು ತಿರುಗಿ ನೋಡುದಿಲ್ಲ. ಆದ್ರೆ ಅಷ್ಟೊತ್ತಿಗೆ ನೀಲಾವತಿಯಕ್ಕ ಸುಳ್ಯದ ದಾರಿಯಲ್ಲಿ ಗುತ್ತಿಗಾರು ದಾಟಿರ್ತಾರೆ."