ರಾಣಿ ಆರತಿ ಎತ್ತಿದ ಪದ್ಯ

ಬೆಂಗಳೂರಿನ ವಿಜಯನಗರದ ನಮ್ಮ ಬೀದಿಯಲ್ಲಿ ಗಂಗಲಕ್ಷ್ಮಮ್ಮನವರ ಹಿಟ್ಟಿನ ಗಿರಣಿ ಇತ್ತು. ಅದು ತಿರುಗುತ್ತಿರುವಾಗ ಪಕ್ಕದ ಮನೆಯವರು ರೇಡಿಯೋ ಹಾಕುವ ಆಸೆಯನ್ನೇ ಬಿಟ್ಟಿದ್ದರು. ಸೋಮವಾರ ಮಾತ್ರ ಗಿರಣಿಗೆ ರಜೆ. ಅಂದು ಅವರು ಎಣ್ಣೆ ಹಚ್ಚಿ ತಲೆಗೆ ಎರೆದುಕೊಂಡು, ಹುಬ್ಬಿನ ಮೇಲೆ ಕೂತಿದ್ದ ರಾಗಿಹಿಟ್ಟನ್ನೆಲ್ಲ ತೊಳೆದು, ಗಿರಣಿಯ ಹಿಂದಿನ ನಡುಮನೆಯಲ್ಲಿ ಚಾಪೆ ಹಾಸುತ್ತಿದ್ದರು. ಮನೆಯವರನ್ನು ಆಫೀಸಿಗೆ, ಫ್ಯಾಕ್ಟರಿಗೆ ಕಳಿಸಿ ಕೈ ಒರೆಸಿಕೊಂಡ ಹೆಂಗಸರು ನಾವು ಒಬ್ಬೊಬ್ಬರಾಗಿ ಬಂದು ಕೂರುತ್ತಿದ್ದೆವು. ಕಾವ್ಯ ಓದುವುದು ನಾನು, ಅರ್ಥ ಹೇಳುವುದು ಅವರು. ಎಂಬತ್ತೈದು, ಎಂಬತ್ತಾರನೇ ಇಸವಿಯ ಮಾತು ಇದು.

ನನಗೆ ರಾಗ ಗೊತ್ತಿತ್ತು, ಅರ್ಥದ ಗಂಧವಿರಲಿಲ್ಲ. ಅವರಿಗೆ ಅರ್ಥವೆಲ್ಲ ಗೊತ್ತಿತ್ತು, ಗಂಟಲು ಮಾತ್ರ ಗಿರಣಿಯ ಸದ್ದಿನ ಮೇಲೆ ಕೂಗಿ ಕೂಗಿ ಒಡೆದುಹೋಗಿತ್ತು. ಹೀಗಾಗಿ ನಮ್ಮ ಜೋಡಿ ಹೊಂದಿಕೊಂಡಿತು. ಅವರಪ್ಪ ನಾಯಂಡಹಳ್ಳಿಯಲ್ಲಿ ಹೊಲ ಉಳುತ್ತಿದ್ದವರು. ಸಂಜೆಯಾದರೆ ಜಗುಲಿಯ ಮೇಲೆ ಕಾವ್ಯ ಓದಿಸಿ ಅರ್ಥ ಹೇಳುತ್ತಿದ್ದವರು. ಮಗಳಿಗೆ ಸ್ಕೂಲು ಬಿಡಿಸಿದರು, ಪದ್ಯ ಬಿಡಿಸಲಿಲ್ಲ. ಅದೊಂದು ಪುಣ್ಯ ಕಟ್ಟಿಕೊಂಡರು.

ಗಂಗಲಕ್ಷ್ಮಮ್ಮ ನಮಗೆಲ್ಲ ಗಂಗಕ್ಕ. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ಚಾಪೆಯ ಮೇಲೆ ಕೂತವರು ಮನೆ ಮಾತು ಆಡುವ ಹಾಗಿಲ್ಲ ಎಂದು ಕಟ್ಟುನಿಟ್ಟು. ಅತ್ತೆ, ನಾದಿನಿ, ಚಿನ್ನದ ರೇಟು, ಸೊಸೆಯ ಬಾಣಂತನ, ಯಾವುದೂ ಕೂಡದು. ಕವಿಯನ್ನು ಆಡಿಕೊಳ್ಳುವುದಂತೂ ಅದಕ್ಕಿಂತ ದೊಡ್ಡ ತಪ್ಪು. ಒಮ್ಮೆ ಬ್ಯಾಂಕಿನ ಕ್ಲರ್ಕ್ ಹೆಂಡತಿ ಇಂದ್ರಮ್ಮ, ಯಾವುದೋ ವರ್ಣನೆ ತೀರಾ ಉದ್ದವಾಯಿತು ಅಂದದ್ದಕ್ಕೆ, “ಕವಿಗೆ ಬುದ್ಧಿ ಹೇಳೋಕೆ ನಾವ್ಯಾರು? ಸಾರಿಗೆ ಉಪ್ಪು ಹಾಕೋದು ಮೊದಲು ಕಲೀರಿ” ಎಂದು ಎಲ್ಲರೆದುರು ಬೈದಿದ್ದರು. ಇಂದ್ರಮ್ಮ ಎರಡು ವಾರ ಮುಖ ಊದಿಸಿಕೊಂಡು, ಮೂರನೇ ವಾರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

ಮನೆ ಮಾತು ಬೇಡ ಎನ್ನುವ ಕಟ್ಟಳೆ ಯಾಕೆ ಹುಟ್ಟಿತು ಎನ್ನುವುದು ಬೀದಿಗೆಲ್ಲ ಗೊತ್ತಿತ್ತು. ಗಂಗಕ್ಕನ ಗಂಡ ಮರಿಯಪ್ಪ ಲಾರಿ ಇಟ್ಟುಕೊಂಡು ಮರಳು ಹೊಡೆಸುತ್ತಿದ್ದವರು. ಮಗಳಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು, ಆಗಲೇ ಬ್ಯಾಡರಹಳ್ಳಿಯಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿ ಹೋದರು. ಗಂಗಕ್ಕ ಅಳುತ್ತ ಕೂರಲಿಲ್ಲ. ಅಪ್ಪ ಕೊಟ್ಟ ಬಳೆ ಮಾರಿ ಗಿರಣಿ ಹಾಕಿದರು. ಯಾರಾದರೂ ಅಯ್ಯೋ ಪಾಪ ಎಂದರೆ ಸಾಕು, ಅವರ ರಾಗಿ ಅಂದು ತರಿತರಿಯಾಗಿಯೇ ಬರುತ್ತಿತ್ತು.

ಆಗ ನಾವು ಓದುತ್ತಿದ್ದದ್ದು ಒಂದು ಹಳೆಯ ಷಟ್ಪದಿ ಕಾವ್ಯ. ಅದರಲ್ಲೊಬ್ಬ ರಾಜ ರಾಣಿಯನ್ನು ಬಿಟ್ಟು ಬೇರೊಬ್ಬಳ ಹಿಂದೆ ಹೋಗುತ್ತಾನೆ. ವರ್ಷಗಳಾದ ಮೇಲೆ ಬಡಕಲಾಗಿ ಅರಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ರಾಣಿ ಒಂದು ಮಾತೂ ಆಡದೆ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಾಳೆ. ಆ ಪದ್ಯವನ್ನು ನಾನು ಮೋಹನ ರಾಗದಲ್ಲಿ ಓದಿದೆ, ಗಂಗಕ್ಕ ಅರ್ಥ ಹೇಳಿದರು. ಮುಂದಿನ ಪದ್ಯಕ್ಕೆ ನಾನು ಬಾಯಿ ತೆರೆದರೆ, “ಇವತ್ತಿಗೆ ಸಾಕು” ಅಂದರು. ಮರುವಾರ, “ಅದನ್ನೇ ಇನ್ನೊಂದ್ಸಲ ಓದಮ್ಮ” ಅಂದರು. ಅದರ ಮರುವಾರವೂ ಅದೇ.

ನನಗೆ ರೇಗಿತು. ಮುಂದೆ ಹಬ್ಬದ ವರ್ಣನೆ ಇತ್ತು, ಅದಕ್ಕೆಂದು ಒಳ್ಳೆಯ ರಾಗಮಾಲಿಕೆ ಹೊಂದಿಸಿಕೊಂಡಿದ್ದೆ. ಕಾರಣ ತಿಳಿದದ್ದು ಪಕ್ಕದ ಬೀದಿಯ ಹಾಲಿನ ಬೂತಿನಲ್ಲಿ. ಬ್ಯಾಡರಹಳ್ಳಿಯ ಮನೆ ಮುರಿದಿತ್ತು. ಆಕೆ ತೀರಿಕೊಂಡ ಮೇಲೆ ಆಕೆಯ ಅಣ್ಣತಮ್ಮಂದಿರು ಮರಿಯಪ್ಪನವರನ್ನು ಹೊರಗೆ ಹಾಕಿದ್ದರು. ಮರಿಯಪ್ಪನವರ ತಮ್ಮ ಮುನಿಯಣ್ಣ ಬಂದು, “ಅಣ್ಣ ವಾಪಸ್ ಬರ್ತಾನಂತೆ ಅತ್ತಿಗೆ. ಮಗಳು ಮದುವೆಗೆ ಬಂದವಳೆ. ಅಪ್ಪ ಇದ್ದೂ ಇಲ್ಲದಂಗೆ ಹೆಂಗೆ ಧಾರೆ ಎರೀತೀರಾ?” ಎಂದು ಕೇಳಿ ಹೋಗಿದ್ದರಂತೆ. ಗಂಗಕ್ಕ ಆಗಲಿ ಎಂದೂ ಹೇಳಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ಯಾರನ್ನು ಕೇಳಬೇಕು ಅವರು? ತಾಯಿಯಿಲ್ಲ. ಮಗಳನ್ನು ಕೇಳುವ ಮಾತಲ್ಲ. ಇನ್ನು ನಮ್ಮನ್ನು ಕೇಳೋಣವೆಂದರೆ, ಮನೆ ಮಾತು ಬೇಡವೆಂದು ನಮ್ಮ ಬಾಯಿಗೆ ಬೀಗ ಹಾಕಿದವರು ಅವರೇ.

ಮುಂದಿನ ಸೋಮವಾರ ಆ ಪದ್ಯ ಓದಿ ಮುಗಿಸುತ್ತಲೇ, ಬೀದಿಗೆಲ್ಲ ಹಿರಿಯರಾದ ಅಂಜಮ್ಮ ಎಲೆಅಡಿಕೆ ಬಾಯಿಗಿಟ್ಟುಕೊಂಡು ಕೇಳಿದರು: “ಅಲ್ಲ ಗಂಗಾ, ಆ ರಾಣಿಗೆ ಬೆಳೆದ ಮಗಳೊಬ್ಬಳು ಇದ್ಳಾ?”

“ಪದ್ಯದಲ್ಲಿ ಇಲ್ಲ.”

“ಇಲ್ಲ ಅಂತ ಗೊತ್ತು ಕಣೆ. ಇದ್ದಿದ್ರೆ?”

ಗಂಗಕ್ಕ ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. “ಇದ್ದಿದ್ರೆ ಏನ್ಮಾಡ್ಬೇಕಿತ್ತು, ನೀವೇ ಹೇಳಿ ಅಂಜಮ್ಮ” ಅಂದರು.

“ಆರತಿ ಎತ್ತಿದ್ದೇ ಸರಿ. ಹಸೆಮಣೆ ಮುಂದೆ ಅಪ್ಪ ನಿಂತ್ಕೊಂಡ್ರೆ ಮಗಳಿಗೆ ಒಂದು ಮರ್ಯಾದೆ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ.”

“ಉಂಡು ಮಲಗೋಕೆ ಗಂಡ ಮನೇಲಿರ್ಬೇಕಲ್ಲ!” ಎಂದು ಇಂದ್ರಮ್ಮ ಎದ್ದು ಕೂತಳು. “ಅವನಿಲ್ಲದಾಗ ರಾಜ್ಯ ನೋಡ್ಕೊಂಡೋರು ಯಾರು? ಮಗೂಗೆ ಜ್ವರ ಬಂದಾಗ ರಾತ್ರಿಯೆಲ್ಲ ಕೂತಿದ್ದೋರು ಯಾರು? ಈಗ ಬಂದು ಸಿಂಹಾಸನದ ಮೇಲೆ ಕೂತ್ಕೋತಾನಂತಾ?”

“ವಯಸ್ಸಾದ ಗಂಡಸು, ಎಲ್ಲಿಗೆ ಹೋಗ್ತಾನೆ?”

“ಎಲ್ಲಿಗಾದ್ರೂ ಹೋಗ್ಲಿ. ಬ್ಯಾಡರಹಳ್ಳಿಗೆ ಹೋಗುವಾಗ ರಾಜ ಯಾರನ್ನ ಕೇಳಿದ್ದ?”

ಇಂದ್ರಮ್ಮ ನಾಲಿಗೆ ಕಚ್ಚಿಕೊಂಡು ಚಾಪೆಯ ಕಡ್ಡಿ ಕೀಳತೊಡಗಿದಳು. ನನಗೆ ನಗು ಬಂತು, ಜೊತೆಗೆ ಭಯವೂ ಆಯಿತು. ಗಂಗಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ರಾಜ ಬ್ಯಾಡರಹಳ್ಳಿಗೆ ಹೋದ ಅಂತ ಯಾವ ಪದ್ಯದಲ್ಲಿದೆ?” ಅಂದರು. ಆಮೇಲೆ ಮೆತ್ತಗೆ, “ರಾಣಿಗೆ ಅವನ ಮೇಲೆ ಕೋಪ ಹೋಗಿತ್ತೋ ಇಲ್ವೋ, ಕವಿ ಹೇಳಿಲ್ಲ. ಅದೇ ನಂಗೂ ತಿಳೀತಿಲ್ಲ” ಅಂದರು. ಕವಿ ಏನನ್ನೋ ಹೇಳಿಲ್ಲ ಎಂದು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಎಲ್ಲರ ಪದ್ಯಕ್ಕೂ ಅರ್ಥ ಹೇಳುವ ಹೆಂಗಸು ತನ್ನ ಪಾಡಿಗೆ ಅರ್ಥ ಸಿಗದೆ ನಮ್ಮ ಮುಖ ನೋಡುತ್ತಿದ್ದರು.

ಆಮೇಲಿನ ವಾರಗಳಲ್ಲಿ ನಾವು ಆ ರಾಣಿಯನ್ನು ಬಿಡಲಿಲ್ಲ. ಅವಳು ಎಷ್ಟು ಹೊತ್ತಿಗೆ ಏಳುತ್ತಿದ್ದಳು, ಹಬ್ಬದ ದಿನ ಯಾರ ಜೊತೆ ಉಣ್ಣುತ್ತಿದ್ದಳು, ಅವನ ಹೆಸರು ಕೇಳಿದರೆ ಈಗಲೂ ಎದೆ ಹೊಡೆದುಕೊಳ್ಳುತ್ತಿತ್ತೇ, ಎಲ್ಲ ಚರ್ಚೆಯಾಯಿತು. ಅಂಜಮ್ಮ ರಾಜನ ಪಕ್ಷ ಬಿಡಲಿಲ್ಲ, ಇಂದ್ರಮ್ಮ ರಾಣಿಯ ಪಕ್ಷ ಬಿಡಲಿಲ್ಲ. ನನ್ನನ್ನು ಕೇಳಿದಾಗ ಓದುವವಳಿಗೆ ಅಭಿಪ್ರಾಯ ಇರಬಾರದು ಎಂದು ಜಾರಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ದಿನಕ್ಕೊಂದು ಅಭಿಪ್ರಾಯವಿತ್ತು. ಗಂಗಕ್ಕ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಕಾರ್ತಿಕದ ಒಂದು ಸೋಮವಾರ ನಾವು ಕೂತಿರುವಾಗಲೇ ಮುನಿಯಣ್ಣ ಬಂದರು. ಹಿಂದೆ ಮರಿಯಪ್ಪ. ಕೈಯಲ್ಲಿ ಬಟ್ಟೆ ತುಂಬಿದ ಚೀಲ. ಒಂದು ಕಾಲಕ್ಕೆ ಎತ್ತರದ ಆಳಿರಬೇಕು. ಈಗ ಶರಟು ಹ್ಯಾಂಗರಿಗೆ ತೂಗುಹಾಕಿದ ಹಾಗೆ ಕಾಣುತ್ತಿತ್ತು. ಹೊಸಿಲಿನ ಆಚೆಯೇ ನಿಂತರು.

“ಒಳ್ಳೆ ದಿನ ನೋಡ್ಕೊಂಡೇ ಕರ್ಕೊಂಡು ಬಂದಿದೀನಿ. ಒಂದು ಆರತಿ ತಗೊಂಡು ಬನ್ನಿ ಅತ್ತಿಗೆ” ಅಂದರು ಮುನಿಯಣ್ಣ.

ಗಂಗಕ್ಕ ಚಾಪೆಯಿಂದ ಏಳಲಿಲ್ಲ. “ಪದ್ಯ ನಡೀತಾ ಇದೆ. ಒಳಗೆ ಬಂದು ಕೂತ್ಕೊಳ್ಳಿ” ಎಂದು ಗೋಡೆಯ ಬಳಿ ಜಾಗ ತೋರಿಸಿದರು. ಗಂಡಸರಿಬ್ಬರೂ ಬಂದು ಕೂತರು. ಗಂಗಕ್ಕ ನನ್ನ ಕಡೆ ತಿರುಗಿ, “ಓದಮ್ಮ” ಅಂದರು.

ಯಾವುದು ಎಂದು ನಾನು ಕೇಳಲಿಲ್ಲ. ಓದುವಾಗ ಒಂದು ಕಡೆ ಶ್ರುತಿಯೇ ತಪ್ಪಿತು. ಗಂಗಕ್ಕ ಅರ್ಥ ಹೇಳಿದರು. ಒಂದಕ್ಷರ ತಿರುಚಲಿಲ್ಲ. ರಾಜನ ಬಳಲಿಕೆಯನ್ನು ಮರುಕದಿಂದಲೇ ಹೇಳಿದರು. ರಾಣಿಯ ಕೈಯ ತಟ್ಟೆ, ಅದರಲ್ಲಿನ ದೀಪ, ಅವಳು ಆಡದೆ ಉಳಿದ ಮಾತು, ಎಲ್ಲವನ್ನೂ ಹೇಳಿದರು. ಮರಿಯಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. “ಏನೋ ಆಗೋಯ್ತು ಗಂಗಾ, ನಂದೇ ತಪ್ಪು” ಅಂದರು. ನನ್ನ ಕಣ್ಣೂ ತುಂಬಿತು. ಇನ್ನೇನು ಎದ್ದು ಆರತಿ ತರುತ್ತಾರೆ ಎಂದುಕೊಂಡೆ.

“ಕವಿ ಹೇಳಿರೋದು ಇಷ್ಟು” ಅಂದರು ಗಂಗಕ್ಕ. “ರಾಣಿಗೆ ಆಗಿತ್ತು, ಮಾಡಿದ್ಳು. ನಂಗೆ ಆಗಲ್ಲ. ನಿಮ್ಮ ಮೇಲೆ ಈಗ ಕೋಪ ಇಲ್ಲ. ಇದ್ದಿದ್ರೆ ಜಗಳ ಆಡಿ ಒಳಗೆ ಕರ್ಕೋತಿದ್ನೇನೋ.”

“ಹಂಗಾದ್ರೆ ಧಾರೆ?” ಎಂದರು ಮುನಿಯಣ್ಣ.

“ನಾಯಂಡಹಳ್ಳೀಲಿ ನಮ್ಮಣ್ಣ, ಅತ್ತಿಗೆ ಇದಾರೆ, ಎರೀತಾರೆ. ಲಗ್ನಪತ್ರಿಕೆ ಕಳಿಸ್ತೀನಿ, ತಪ್ಪದೆ ಬನ್ನಿ.” ಮಗಳ ಮದುವೆಗೆ ಅಪ್ಪನನ್ನು ಕರೆದದ್ದು ಹಾಗೆ. ಆಮೇಲೆ ಅಡಿಗೆಮನೆಯ ಕಡೆ ನೋಡಿ, “ಊಟದ ಹೊತ್ತಾಯ್ತು. ಊಟ ಮಾಡ್ಕೊಂಡು ಹೋಗಿ” ಅಂದರು.

ನೆಂಟರಿಗೆ, ಪರಿಚಯದವರಿಗೆ ನಾವೆಲ್ಲ ದಿನಾ ಹೇಳುವ ಮಾತದು. ಯಾವ ಮನೆಯ ಯಜಮಾನನಿಗೂ ಯಾರೂ ಅದನ್ನು ಹೇಳಿದ್ದು ನಾನು ಕೇಳಿಲ್ಲ. ಮರಿಯಪ್ಪ ಪಕ್ಕದಲ್ಲಿದ್ದ ಚೀಲವನ್ನು ಮೆಲ್ಲಗೆ ತೊಡೆಯ ಹತ್ತಿರಕ್ಕೆ ಎಳೆದುಕೊಂಡರು.

ಅಂಜಮ್ಮ ಎದ್ದು ಒಳಗೆ ಹೋದರು. ಇಷ್ಟು ವಾರ ರಾಜನ ಪರವಾಗಿ ವಾದ ಮಾಡಿದವರು, ತಾವೇ ಆರತಿ ಹಚ್ಚಿಕೊಂಡು ಬರುತ್ತಾರೆ ಎಂದು ಇಂದ್ರಮ್ಮ ನನ್ನನ್ನು ತಿವಿದಳು. ಅವರು ತಂದದ್ದು ಎರಡು ಬಾಳೆಲೆ, ಒಂದು ಚೊಂಬು ನೀರು. ಆ ಮನೆಯಲ್ಲಿ ಮನೆಯವರು ಉಣ್ಣುತ್ತಿದ್ದದ್ದು ಅಡಿಗೆಮನೆಯಲ್ಲಿ, ತಟ್ಟೆಯಲ್ಲಿ. ಅಂಜಮ್ಮ ನಡುಮನೆಯಲ್ಲಿ ಬಗ್ಗಿ ಎಲೆ ಹಾಕಿದರು, ನೀರು ಚಿಮುಕಿಸಿ ಒರೆಸಿದರು.

“ಏಳಿ ಮರಿಯಪ್ಪನೋರೆ, ಕೈಕಾಲು ತೊಳ್ಕೊಂಡು ಬನ್ನಿ. ಸಂಕೋಚ ಪಟ್ಕೋಬೇಡಿ” ಅಂದರು.